ಇಸಿಜಿ ನಾರ್ಮಲ್ ಬಂದ ಮೇಲೆ ಏನು? ಪ್ಯಾನಿಕ್ ಅಟ್ಯಾಕ್ ಮತ್ತು ಅದರ ಜೊತೆಗಿರುವ ಕಾಯಿಲೆಗಳು

ತುಮಕೂರಾಗಲಿ ಕೋಲಾರವಾಗಲಿ, ರಾತ್ರಿ ಹೊತ್ತು ಯಾವುದೇ ಆಸ್ಪತ್ರೆಯ ತುರ್ತು ವಿಭಾಗದಲ್ಲಿ ಕೂತರೆ ಈ ದೂರು ಕಿವಿಗೆ ಬಿದ್ದೇ ಬೀಳುತ್ತದೆ. ಇದ್ದಕ್ಕಿದ್ದಂತೆ ಎದೆ ಹೊಡೆದುಕೊಂಡಿತು, ಉಸಿರು ಸಿಗಲಿಲ್ಲ, ಕೈಕಾಲು ಜೋಮು ಹಿಡಿಯಿತು, ಇನ್ನೇನು ಪ್ರಾಣ ಹೋಯಿತು ಅನ್ನಿಸಿತು. ಇಸಿಜಿ ತೆಗೆಯುತ್ತಾರೆ, ನಾರ್ಮಲ್ ಇರುತ್ತದೆ. 'ಏನಿಲ್ಲ ಕಣಮ್ಮ, ಟೆನ್ಷನ್ ಅಷ್ಟೇ' ಎಂದು ಒಂದು ಗ್ಯಾಸ್ಟ್ರಿಕ್ ಇಂಜೆಕ್ಷನ್ ಕೊಟ್ಟು ಕಳಿಸುತ್ತಾರೆ. ಎರಡು ವಾರಕ್ಕೆ ಮತ್ತೆ ಅದೇ.

ಇಲ್ಲಿ ಎರಡು ಬಗೆಯ ತಪ್ಪು ನಡೆಯುತ್ತದೆ. ಹುಡುಕಬೇಕಾದ್ದನ್ನು ಹುಡುಕದೆ ಎಲ್ಲವನ್ನೂ ಟೆನ್ಷನ್ ಲೆಕ್ಕಕ್ಕೆ ಹಾಕುವುದು ಒಂದು. ಪ್ಯಾನಿಕ್ ಎಂದು ಗೊತ್ತಾದ ಮೇಲೂ ಅದಕ್ಕೆ ಚಿಕಿತ್ಸೆ ಕೊಡದೆ ಎಕೋ, ಟಿಎಂಟಿ ಎಂಬ ಹೃದಯ ಪರೀಕ್ಷೆಗಳು, ಸ್ಕ್ಯಾನ್ ಎಂದು ವರ್ಷಗಟ್ಟಲೆ ಅಲೆಯುವುದು ಇನ್ನೊಂದು. ಹೃದಯವೋ ಮನಸ್ಸೋ ಎಂಬ ಪ್ರಶ್ನೆಯೇ ಸರಿಯಿಲ್ಲ ಎನ್ನುವುದು ನನ್ನ ಖಚಿತ ಅಭಿಪ್ರಾಯ. ಒಬ್ಬರಲ್ಲೇ ಆಸ್ತಮಾವೂ ಪ್ಯಾನಿಕ್ಕೂ ಇರಬಹುದು, ಥೈರಾಯ್ಡೂ ಪ್ಯಾನಿಕ್ಕೂ ಇರಬಹುದು. ಎರಡಕ್ಕೂ ಚಿಕಿತ್ಸೆ ಬೇಕಾಗುತ್ತದೆ.

ಮೊದಲು ಮೈಯೊಳಗೆ ಆಗುವುದೇನು ನೋಡೋಣ, ಯಾಕೆಂದರೆ ಅರ್ಧ ಹೆದರಿಕೆ ಇಳಿಯುವುದು ಇದು ಅರ್ಥವಾದಾಗಲೇ. ಅಪಾಯ ಕಂಡಾಗ ಓಡಲು ಅಥವಾ ಎದುರಿಸಲು ದೇಹವನ್ನು ಸಜ್ಜು ಮಾಡುವ ವ್ಯವಸ್ಥೆ ಎಲ್ಲರಲ್ಲೂ ಇದೆ. ಅಡ್ರಿನಲಿನ್ ಎಂಬ ಹಾರ್ಮೋನು ರಕ್ತಕ್ಕೆ ಸೇರುತ್ತದೆ, ಎದೆಬಡಿತ ಏರುತ್ತದೆ, ಬೆವರು ಬರುತ್ತದೆ, ಕೈ ನಡುಗುತ್ತದೆ, ಹೊಟ್ಟೆ ತೊಳೆಸುತ್ತದೆ, ಉಸಿರು ಬಿರುಸಾಗುತ್ತದೆ. ಪ್ಯಾನಿಕ್ ಅಟ್ಯಾಕಿನಲ್ಲಿ ಎದುರಿಗೆ ಹಾವೂ ಇಲ್ಲ ಲಾರಿಯೂ ಇಲ್ಲ, ಆದರೂ ಈ ವ್ಯವಸ್ಥೆ ಪೂರ್ತಿ ಚಾಲೂ ಆಗಿಬಿಡುತ್ತದೆ.

ಉಸಿರಿನ ಪಾತ್ರ ಇಲ್ಲಿ ಬಹಳ ದೊಡ್ಡದು. ಬೇಕಾದ್ದಕ್ಕಿಂತ ಹೆಚ್ಚು ಉಸಿರಾಡಿದಾಗ ರಕ್ತದಲ್ಲಿನ ಇಂಗಾಲದ ಡೈಆಕ್ಸೈಡ್ ಕಡಿಮೆಯಾಗುತ್ತದೆ, ರಕ್ತದ ಕ್ಷಾರ ಗುಣ ಏರುತ್ತದೆ. ಆಗ ರಕ್ತದಲ್ಲಿ ಬಿಡಿಯಾಗಿರುವ ಕ್ಯಾಲ್ಸಿಯಂ ಪ್ರೋಟೀನಿಗೆ ಅಂಟಿಕೊಂಡು ನರಗಳಿಗೆ ಸಿಗುವ ಪಾಲು ತಗ್ಗುತ್ತದೆ. ತುಟಿ ಸುತ್ತ, ಬೆರಳ ತುದಿಯಲ್ಲಿ ಜುಮುಜುಮು ಬರುವುದು, ಕೈಬೆರಳು ಸೆಟೆದು ಒಳಕ್ಕೆ ಮಡಚಿಕೊಳ್ಳುವುದು ಇದರಿಂದಲೇ. ಮೆದುಳಿನ ರಕ್ತನಾಳಗಳೂ ತುಸು ಕಿರಿದಾಗುತ್ತವೆ. ಅದಕ್ಕೇ ತಲೆ ತಿರುಗು, ಕಣ್ಣು ಮಂಜು, 'ನಾನು ನಾನಲ್ಲ, ಎಲ್ಲ ಕನಸಿನಲ್ಲಿ ನಡೆದಂತೆ' ಎಂಬ ಭಾವ. ಲಕ್ವ ಹೊಡೆಯಿತೆಂದು ಮನೆಯವರು ಗಾಬರಿಯಾಗುವುದು ಕೈ ಸೆಟೆದದ್ದನ್ನು ನೋಡಿ. ಲಕ್ವದಲ್ಲಿ ಸಾಮಾನ್ಯವಾಗಿ ಒಂದೇ ಬದಿಯ ಬಲ ಹೋಗುತ್ತದೆ, ಬಾಯಿ ಸೊಟ್ಟಗಾಗುತ್ತದೆ, ಮಾತು ತೊದಲುತ್ತದೆ. ಉಸಿರಿನ ಜೋಮು ಬಹುತೇಕ ಎರಡೂ ಕೈಗೆ ಬರುತ್ತದೆ. ಒಂದೇ ಬದಿ ಎಂದಾದರೆ ಯೋಚನೆ ಮಾಡುತ್ತ ಕೂರದೆ ಆಸ್ಪತ್ರೆಗೆ ಹೊರಡಬೇಕು.

ಕೋವಿಡ್ ಕಾಲದಲ್ಲಿ ಕೊಂಡ ಆಕ್ಸಿಮೀಟರ್ ಎಷ್ಟೋ ಮನೆಗಳಲ್ಲಿ ಇನ್ನೂ ಇದೆ. ಅಟ್ಯಾಕ್ ವೇಳೆ ಬೆರಳಿಗೆ ಹಾಕಿದರೆ 98, 99 ತೋರಿಸುತ್ತದೆ. ಉಸಿರು ಸಾಲದು ಎಂಬ ಸಂಕಟ ನಿಜ, ಆಮ್ಲಜನಕ ಮಾತ್ರ ಸಾಕಷ್ಟಿದೆ. ಕೈ ಬೆಚ್ಚಗಿದ್ದೂ ಅದು 94ಕ್ಕಿಂತ ಕೆಳಗೆ ತೋರಿಸುತ್ತಿದ್ದರೆ ಅದು ಬರೀ ಪ್ಯಾನಿಕ್ ಅಲ್ಲ.

ಅಟ್ಯಾಕ್ ಸಾಮಾನ್ಯವಾಗಿ 10 ನಿಮಿಷದೊಳಗೆ ತುತ್ತತುದಿಗೆ ಹೋಗಿ, ಅರ್ಧ ಗಂಟೆಯಲ್ಲಿ ಇಳಿಯುತ್ತದೆ. ಆಮೇಲೆ ಮೈಯೆಲ್ಲ ಹಿಂಡಿ ಹಾಕಿದಷ್ಟು ಸುಸ್ತು. ಜೀವನದಲ್ಲಿ ಒಂದೆರಡು ಸಲ ಹೀಗಾದರೆ ಅದನ್ನು ಕಾಯಿಲೆ ಎನ್ನುವುದಿಲ್ಲ. ಕಾರಣವಿಲ್ಲದೆ ಮತ್ತೆ ಮತ್ತೆ ಬಂದು, 'ಮತ್ತೆ ಬಂದರೆ?' ಎಂಬ ಭಯ ಕನಿಷ್ಠ ಒಂದು ತಿಂಗಳು ಕಾಡಿದಾಗ, ಅಥವಾ ಆ ಭಯದಿಂದ ಬಸ್ಸು, ಸಂತೆ, ಮದುವೆ ಮನೆ ಬಿಡತೊಡಗಿದಾಗ ಅದು ಪ್ಯಾನಿಕ್ ಡಿಸಾರ್ಡರ್. 1980ರಲ್ಲಿ ಅಮೆರಿಕದ ಮನೋವೈದ್ಯರ ರೋಗಪಟ್ಟಿ ಇದನ್ನು ಪ್ರತ್ಯೇಕ ಕಾಯಿಲೆಯಾಗಿ ಸೇರಿಸಿತು. ಅದಕ್ಕೂ ನೂರು ವರ್ಷ ಹಿಂದೆ, 1871ರಲ್ಲಿ, ಜೇಕಬ್ ಡ ಕೋಸ್ಟ ಎಂಬ ವೈದ್ಯ ಸೈನಿಕರಲ್ಲಿ ಇಂಥದೇ ಎದೆಬಡಿತ, ಎದೆನೋವು, ಉಬ್ಬಸವನ್ನು ವಿವರಿಸಿ ಅದನ್ನು ಹೃದಯದ ತೊಂದರೆಯೆಂದೇ ಕರೆದಿದ್ದ. ಇದನ್ನು ಹೃದಯದ ಕಾಯಿಲೆಯೆಂದು ಭಾವಿಸುವುದು ಇವತ್ತಿನದಲ್ಲ.

ನಮ್ಮ ರಾಜ್ಯದಲ್ಲಿ ಆ ಭಯಕ್ಕೆ ಹೊಸ ಕಾರಣಗಳೂ ಇವೆ. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ತೀರಿಕೊಂಡಾಗ, 2025ರ ಜೂನ್-ಜುಲೈನಲ್ಲಿ ಹಾಸನ ಜಿಲ್ಲೆಯ ಹೃದಯಾಘಾತದ ಸಾವುಗಳ ಸುದ್ದಿ ಬಂದಾಗ, ಜನ ಹೃದಯ ಪರೀಕ್ಷೆಗೆ ಮುಗಿಬಿದ್ದರು. ಅಂಥ ಸುದ್ದಿ ಕೇಳಿದ ಮೇಲೆ ತನ್ನ ಎದೆಬಡಿತವನ್ನು ತಾನೇ ಕಿವಿಗೊಟ್ಟು ಕೇಳುತ್ತ ಮಲಗುವವರಿಗೆ ಒಂದು ಬಡಿತ ತಪ್ಪಿದರೂ ಅದು ಸಾವಿನ ಸೂಚನೆಯಾಗಿ ಕಾಣುತ್ತದೆ. ಆ ಅರ್ಥ ಹುಟ್ಟಿದ ಕ್ಷಣ ಅಡ್ರಿನಲಿನ್ ಇನ್ನಷ್ಟು ಏರುತ್ತದೆ, ಬಡಿತ ಇನ್ನಷ್ಟು ಜೋರಾಗುತ್ತದೆ, ಭಯ ಇಮ್ಮಡಿಸುತ್ತದೆ. ಪ್ಯಾನಿಕ್ ಎಂದರೆ ಈ ಸುತ್ತು.

ಹಾಗೆಂದು ಹೃದಯವನ್ನು ಬಿಟ್ಟುಬಿಡುವ ಹಾಗಿಲ್ಲ. ಮೊದಲ ಸಲ ಹೀಗಾದಾಗ, ಅದರಲ್ಲೂ ವಯಸ್ಸು 40 ದಾಟಿದ್ದರೆ, ಸಕ್ಕರೆ ಕಾಯಿಲೆ, ಬಿಪಿ, ಬೀಡಿ-ಸಿಗರೇಟು ಇದ್ದರೆ, ಮನೆಯಲ್ಲಿ ಕೂತು ತೀರ್ಮಾನಿಸಬಾರದು. ನಡೆದಾಗ, ಮೆಟ್ಟಿಲು ಹತ್ತಿದಾಗ ಬಂದು ನಿಂತಾಗ ಇಳಿಯುವ ನೋವು, ಎದೆಯ ಮೇಲೆ ಭಾರ ಹೇರಿದಂಥ ನೋವು, ದವಡೆ, ಎಡಗೈ, ಬೆನ್ನಿಗೆ ಹರಡುವ ನೋವು, 15-20 ನಿಮಿಷವಾದರೂ ಬಿಡದ ನೋವು, ಪ್ರಜ್ಞೆ ತಪ್ಪುವುದು, ಇವಕ್ಕೆ 108 ಕರೆಯಬೇಕು. ಹೆಂಗಸರಲ್ಲಿ, ಸಕ್ಕರೆ ಕಾಯಿಲೆಯವರಲ್ಲಿ ನೋವೇ ಇಲ್ಲದೆ ಬರೀ ಸುಸ್ತು, ಬೆವರು, ಉಬ್ಬಸವಾಗಿಯೂ ಹೃದಯಾಘಾತ ಬರುತ್ತದೆ. ಮೊದಲ ಇಸಿಜಿ ಸರಿಯಿದ್ದರೂ ಸಂಶಯವಿದ್ದರೆ ಕೆಲವು ಗಂಟೆ ಇರಿಸಿಕೊಂಡು ಇಸಿಜಿ ಮತ್ತು ಹೃದಯದ ಸ್ನಾಯುವಿಗೆ ಪೆಟ್ಟಾಗಿದೆಯೇ ಎಂದು ತಿಳಿಸುವ ಟ್ರೊಪೋನಿನ್ ರಕ್ತಪರೀಕ್ಷೆ ಮತ್ತೆ ಮಾಡುತ್ತಾರೆ, ಆತುರಪಟ್ಟು ಮನೆಗೆ ಹೊರಡಬೇಡಿ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಡಿ ತಾಲ್ಲೂಕು ಆಸ್ಪತ್ರೆಯಲ್ಲೇ ಇಸಿಜಿ ತೆಗೆದು ದೊಡ್ಡ ಆಸ್ಪತ್ರೆಯ ತಜ್ಞರಿಗೆ ಕಳಿಸಿ, ಬೇಕಿದ್ದರೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಉಚಿತವಾಗಿ ಕೊಡುವ ವ್ಯವಸ್ಥೆ ಇದೆ. ಪಾವಗಡದಿಂದಲೋ ಬಾಗೇಪಲ್ಲಿಯಿಂದಲೋ ನೇರ ಬೆಂಗಳೂರಿಗೆ ಕಾರು ಓಡಿಸುವುದಕ್ಕಿಂತ ಹತ್ತಿರದ ತಾಲ್ಲೂಕು ಆಸ್ಪತ್ರೆ ಮೊದಲು.

ಹೃದಯದ್ದೇ ಇನ್ನೊಂದು ತೊಂದರೆಯನ್ನು ಪ್ಯಾನಿಕ್ ಎಂದು ತಪ್ಪು ತಿಳಿಯುವುದು ತುಂಬಾ ಸಾಮಾನ್ಯ: ಎಸ್‌ವಿಟಿ. ಹೃದಯದೊಳಗಿನ ವಿದ್ಯುತ್ ಸಂಕೇತ ಅಡ್ಡದಾರಿ ಹಿಡಿದು ಬಡಿತ ಒಮ್ಮೆಲೇ ನಿಮಿಷಕ್ಕೆ 150-220ರ ಮಟ್ಟಕ್ಕೆ ಹಾರುತ್ತದೆ. ಸ್ವಿಚ್ ಹಾಕಿದಂತೆ ಶುರು, ಸ್ವಿಚ್ ತೆಗೆದಂತೆ ನಿಲುಗಡೆ. ಪ್ಯಾನಿಕ್ಕಿನಲ್ಲಿ ಬಡಿತ ಏರುವುದೂ ಇಳಿಯುವುದೂ ಮೆಲ್ಲಗೆ, ಹೆಚ್ಚಾಗಿ 100ರಿಂದ 140ರ ಆಸುಪಾಸು. ಎಸ್‌ವಿಟಿ ನಿಂತ ಮೇಲೆ ತೆಗೆದ ಇಸಿಜಿ ಎಷ್ಟೋ ಸಲ ಪೂರ್ತಿ ನಾರ್ಮಲ್ ಇರುತ್ತದೆ, ಅಲ್ಲೇ ಮೋಸ. ಅದಕ್ಕೇ ಮನೆಯಲ್ಲಿ ಒಬ್ಬರಾದರೂ ನಾಡಿ ಎಣಿಸಲು ಕಲಿತಿರಬೇಕು. ಹೆಬ್ಬೆರಳ ಬುಡದ ಕೆಳಗೆ ಮಣಿಕಟ್ಟಿನಲ್ಲಿ ಎರಡು ಬೆರಳಿಟ್ಟು 15 ಸೆಕೆಂಡ್ ಎಣಿಸಿ, ನಾಲ್ಕರಿಂದ ಗುಣಿಸಿ. ಎಣಿಸಲಿಕ್ಕೇ ಆಗದಷ್ಟು ವೇಗ ಎಂದಾದರೆ ಅಟ್ಯಾಕ್ ನಡೆಯುತ್ತಿರುವಾಗಲೇ ಇಸಿಜಿ ಸಿಗುವ ಕಡೆ ಹೋಗಬೇಕು. ಪದೇ ಪದೇ ಆಗುತ್ತಿದ್ದರೆ 24 ಗಂಟೆ ಕಟ್ಟಿಕೊಳ್ಳುವ ಹೋಲ್ಟರ್ ಎಂಬ ಇಸಿಜಿ ಯಂತ್ರ ಬೇಕೇ ಎಂದು ವೈದ್ಯರನ್ನು ಕೇಳಿ.

ಸಕ್ಕರೆ ಕಾಯಿಲೆಯವರಲ್ಲಿ ಎಲ್ಲಕ್ಕಿಂತ ಮುಂಚೆ ಗ್ಲುಕೋಮೀಟರ್. ಇನ್ಸುಲಿನ್ ಚುಚ್ಚಿಕೊಂಡು ಅಥವಾ ಗ್ಲಿಮೆಪಿರೈಡ್, ಗ್ಲಿಬೆನ್‌ಕ್ಲಮೈಡ್ ಮಾತ್ರೆ ನುಂಗಿ ಹೊಲಕ್ಕೆ ಹೋದವರು ಮಧ್ಯಾಹ್ನದ ಊಟ ತಡ ಮಾಡಿದರೆ ಬೆವರು, ನಡುಕ, ಎದೆಬಡಿತ, ಗಾಬರಿ ಎಲ್ಲವೂ ಪ್ಯಾನಿಕ್ಕಿನ ಹಾಗೇ ಬರುತ್ತವೆ. 70 ಮಿಲಿಗ್ರಾಂಗಿಂತ ಕೆಳಗಿದ್ದರೆ ಮೂರು ಚಿಕ್ಕ ಚಮಚ ಸಕ್ಕರೆ ನೀರಿಗೆ ಕಲಸಿ ಕುಡಿಸಿ, 15 ನಿಮಿಷಕ್ಕೆ ಮತ್ತೆ ಪರೀಕ್ಷಿಸಿ, ಏರದಿದ್ದರೆ ಮತ್ತಷ್ಟು ಕೊಡಿ, ಆಮೇಲೆ ಊಟ. ಮೀಟರ್ ಇಲ್ಲದಿದ್ದರೂ ಸಕ್ಕರೆ ನೀರು ಕೊಡುವುದೇ ಸರಿ. ಪ್ರಜ್ಞೆ ಇಲ್ಲದವರ ಬಾಯಿಗೆ ಮಾತ್ರ ಏನೂ ಹಾಕಬಾರದು. ಮಾತ್ರೆಯಿಂದಾದ ಲೋ ಶುಗರ್ ಒಮ್ಮೆ ಸರಿಹೋಗಿ ಗಂಟೆಗಳ ನಂತರ ಮತ್ತೆ ಇಳಿಯಬಹುದು, ಹಾಗಾಗಿ ವೈದ್ಯರಿಗೆ ತೋರಿಸದೆ ಮಲಗಿಸಬೇಡಿ.

ಥೈರಾಯ್ಡ್ ಎಂದರೆ ದಪ್ಪಗಾಗುವ ಕಾಯಿಲೆ ಎಂದಷ್ಟೇ ನಮ್ಮಲ್ಲಿ ತಿಳಿದಿದ್ದಾರೆ. ಥೈರಾಯ್ಡ್ ಹೆಚ್ಚು ಕೆಲಸ ಮಾಡಿದಾಗ ಚೆನ್ನಾಗಿ ಉಂಡರೂ ತೂಕ ಇಳಿಯುತ್ತದೆ, ಸೆಕೆ ತಡೆಯದು, ಚಾಚಿದ ಬೆರಳು ನಡುಗುತ್ತವೆ, ಕೂತಲ್ಲೇ ನಾಡಿ 100 ದಾಟುತ್ತದೆ. ಟಿಎಸ್‌ಎಚ್ ಎಂಬ ಥೈರಾಯ್ಡ್ ರಕ್ತಪರೀಕ್ಷೆಯಲ್ಲಿ ಅಂಕಿ ತೀರಾ ಕೆಳಗೆ ಬರುತ್ತದೆ. ಥೈರಾಕ್ಸಿನ್ ಮಾತ್ರೆಯ ಡೋಸ್ ಹೆಚ್ಚಾದರೂ ಇದೇ ಚಿತ್ರ. ರಕ್ತಹೀನತೆಯೂ ಎದೆಬಡಿತ, ಉಬ್ಬಸ ತರುತ್ತದೆ. ಹೆಂಗಸರಲ್ಲಿ ಹಿಮೋಗ್ಲೋಬಿನ್ 12ಕ್ಕಿಂತ, ಗಂಡಸರಲ್ಲಿ 13ಕ್ಕಿಂತ ಕಡಿಮೆಯಿದ್ದರೆ ಅದನ್ನು ಸರಿಪಡಿಸದೆ ಬರೀ ಧೈರ್ಯ ಹೇಳಿ ಪ್ರಯೋಜನವಿಲ್ಲ. ಬಾಣಂತಿಯರ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಹೆರಿಗೆಯಾದ ವರ್ಷದೊಳಗೆ ಥೈರಾಯ್ಡ್ ಏರುಪೇರಾಗುವುದುಂಟು. ಒಂದೇ ಕಾಲು ಊದಿ ಇದ್ದಕ್ಕಿದ್ದಂತೆ ಉಬ್ಬಸ ಬಂದರೆ ಶ್ವಾಸಕೋಶಕ್ಕೆ ಹೆಪ್ಪು ಹೋಗಿರಬಹುದು, ಮಲಗಿದರೆ ಉಸಿರು ಕಟ್ಟಿ ಕೂತರೆ ಹಗುರಾದರೆ ಹೃದಯ ಸೋತಿರಬಹುದು. ಇವೆರಡೂ ಗಾಳಿ ಸೋಕಿದ್ದೂ ಅಲ್ಲ, ದೃಷ್ಟಿಯೂ ಅಲ್ಲ, ಪ್ಯಾನಿಕ್ಕೂ ಅಲ್ಲ. ತಡ ಮಾಡಿದರೆ ಜೀವಕ್ಕೇ ಕುತ್ತು.

ಆಸ್ತಮಾ ಮತ್ತು ಪ್ಯಾನಿಕ್ಕಿನ ನಂಟು ಬಹಳ ಹತ್ತಿರದ್ದು, ಎರಡೂ ಒಂದನ್ನೊಂದು ಕೆರಳಿಸುತ್ತವೆ. ಶಿಡ್ಲಘಟ್ಟದ ರೇಷ್ಮೆ ನೂಲು ಬಿಚ್ಚುವ ಘಟಕಗಳನ್ನೇ ತೆಗೆದುಕೊಳ್ಳಿ. ಗೂಡು ಬೇಯಿಸುವ ಹಬೆಯಲ್ಲಿ ಬರುವ ರೇಷ್ಮೆ ಮತ್ತು ಹುಳುವಿನ ಪ್ರೋಟೀನುಗಳಿಗೆ ಅಲರ್ಜಿಯಾಗಿ ಆಸ್ತಮಾ ಬರುತ್ತದೆ ಎಂಬುದು ವೈದ್ಯಲೋಕಕ್ಕೆ ಚೆನ್ನಾಗಿ ಗೊತ್ತಿರುವ ಸಂಗತಿ. ಕೆಲಸದ ದಿನ ಎದೆ ಬಿಗಿತ, ಕೆಮ್ಮು, ರಜೆಯಲ್ಲಿ ಆರಾಮ ಎಂದಾದರೆ ಆಸ್ತಮಾದ ಗುಮಾನಿ ಬರಬೇಕು. ಪೀಕ್ ಫ್ಲೋ ಮೀಟರ್ ಎಂಬ ಸಣ್ಣ ಕೊಳವೆಯಲ್ಲಿ ಜೋರಾಗಿ ಊದಿ, ಕೆಲಸದ ದಿನಗಳ ಮತ್ತು ರಜಾದಿನಗಳ ಅಂಕಿಗಳನ್ನು ಕೆಲವು ವಾರ ಬರೆದಿಟ್ಟರೆ ಗುಟ್ಟು ಬಯಲಾಗುತ್ತದೆ. ಆಸ್ತಮಾದಲ್ಲಿ ಉಸಿರು ಬಿಡುವಾಗ ಸುಯ್ ಎಂಬ ಸದ್ದು, ಇನ್ಹೇಲರ್ ಎಳೆದ ಕೆಲವೇ ನಿಮಿಷಕ್ಕೆ ಸಡಿಲ. ಪ್ಯಾನಿಕ್ಕಿನಲ್ಲಿ ಗಂಟಲು ಹಿಡಿದಂತೆ ಆಗುತ್ತದೆ, ನಿಟ್ಟುಸಿರು ಜಾಸ್ತಿ, ಸುಯ್ ಸದ್ದು ಇರುವುದಿಲ್ಲ. ಎರಡೂ ಇರುವವರು ಗಾಬರಿಯಲ್ಲಿ ಸಾಲ್ಬುಟಮಾಲ್ ಇನ್ಹೇಲರ್ ಮೇಲಿಂದ ಮೇಲೆ ಎಳೆಯುತ್ತಾರೆ. ಅದು ಕೈ ನಡುಗಿಸಿ ಎದೆಬಡಿತ ಏರಿಸುತ್ತದೆ, ಆ ಬಡಿತಕ್ಕೆ ಮತ್ತೆ ಗಾಬರಿ. ಥಿಯೋಫಿಲಿನ್ ಮಾತ್ರೆಗಳೂ ಹಾಗೇ. ಎದೆಬಡಿತಕ್ಕೆಂದು ಕೊಡುವ ಪ್ರೊಪ್ರನೊಲಾಲ್ ಆಸ್ತಮಾ ಇರುವವರಿಗೆ ಅಪಾಯ. ಪಕ್ಕದ ಮನೆಯವರ ಮಾತ್ರೆಯನ್ನು 'ನಂಗೂ ಹಂಗೇ ಆಗ್ತಿತ್ತು, ಇದು ತಗೋ' ಎಂದು ಕೊಟ್ಟರೆ ನುಂಗಬೇಡಿ.

ಕೋಲಾರ, ಚಿಕ್ಕಬಳ್ಳಾಪುರದ ಟೊಮೆಟೊ, ದ್ರಾಕ್ಷಿ ತೋಟಗಳಲ್ಲಿ ಔಷಧಿ ಹೊಡೆಯುವವರ ವಿಷಯ ಯಾರೂ ಸಾಕಷ್ಟು ಹೇಳುವುದಿಲ್ಲ ಅನ್ನಿಸುತ್ತದೆ. ಕ್ಲೋರ್‌ಪೈರಿಫಾಸ್, ಪ್ರೊಫೆನೋಫಾಸ್‌ನಂಥ ಕೀಟನಾಶಕ ಚರ್ಮದ ಮೂಲಕವೂ ಮೈಗೆ ಸೇರುತ್ತದೆ. ಬೆವರು, ಎದೆ ಬಿಗಿತ, ಉಬ್ಬಸ, ಚಡಪಡಿಕೆ ಬಂದಾಗ ಹೆದರಿಕೊಂಡಿದ್ದಾನೆ ಎಂದು ಮಲಗಿಸಿಬಿಟ್ಟರೆ ಕೆಡುಕಾಗುತ್ತದೆ. ಗುರುತು ಹಿಡಿಯಲು ಕಣ್ಣು ನೋಡಿ. ಪ್ಯಾನಿಕ್ಕಿನಲ್ಲಿ ಕಣ್ಣಪಾಪೆ ಹಿಗ್ಗುತ್ತದೆ, ಈ ವಿಷದಲ್ಲಿ ಸೂಜಿಮೊನೆಯಷ್ಟು ಕುಗ್ಗುತ್ತದೆ. ಜೊಲ್ಲು, ಕಣ್ಣೀರು, ವಾಂತಿ, ಭೇದಿ, ಮಾಂಸಖಂಡ ಅದುರುವುದೂ ಸೇರಿಕೊಳ್ಳುತ್ತವೆ. ಬಟ್ಟೆ ಬಿಚ್ಚಿಸಿ, ಸೋಪು ನೀರಿನಿಂದ ಮೈ ತಲೆ ತೊಳೆದು, 108 ಕರೆದು, ಔಷಧಿ ಡಬ್ಬವನ್ನು ಲೇಬಲ್ ಸಮೇತ ಜೊತೆಗೊಯ್ಯಿರಿ. ತೊಳೆಯುವವರು ಕೈಗೆ ಗ್ಲೌಸೋ ಪ್ಲಾಸ್ಟಿಕ್ ಚೀಲವೋ ಹಾಕಿಕೊಳ್ಳಬೇಕು. ಪೈರಿಥ್ರಾಯ್ಡ್ ಗುಂಪಿನ ಔಷಧಿ ಮುಖಕ್ಕೆ ತಾಗಿದರೆ ಉರಿ, ಜುಮುಜುಮು ಬರುತ್ತದೆ. ಅದು ಹೆಚ್ಚಾಗಿ ಒಂದು ದಿನದೊಳಗೆ ಹೋಗುತ್ತದೆ, ಆದರೆ ಮೊದಲೇ ಪ್ಯಾನಿಕ್ ಇರುವವರನ್ನು ಅಟ್ಯಾಕಿಗೆ ತಳ್ಳಲು ಅಷ್ಟು ಸಾಕು.

ತಿನ್ನುವ ಕುಡಿಯುವ ಪದಾರ್ಥಗಳಲ್ಲಿ ಕಾಫಿ-ಟೀಯನ್ನು ಮೊದಲು ನೋಡಿ. ಪ್ಯಾನಿಕ್ ಇರುವವರಲ್ಲಿ ಕೆಫೀನ್ ನೇರವಾಗಿ ಅಟ್ಯಾಕ್ ಎಬ್ಬಿಸಬಲ್ಲದು. ನರಸಾಪುರ, ವಸಂತನರಸಾಪುರದ ಕಾರ್ಖಾನೆಗಳಲ್ಲಿ ರಾತ್ರಿ ಪಾಳಿ ಮಾಡುವವರು ನಿದ್ದೆಗೆಟ್ಟು, ಊಟ ಬಿಟ್ಟು, ಟೀ ಮೇಲೆ ಟೀ ಕುಡಿದಾಗ ಮೂರೂ ಕಾರಣ ಒಟ್ಟಿಗೆ ಕೂಡುತ್ತವೆ. ಒಮ್ಮೆಲೇ ಬಿಟ್ಟರೆ ತಲೆನೋವು ಬರುತ್ತದೆ, ಆದ್ದರಿಂದ ದಿನಕ್ಕೊಂದು ಲೋಟದಂತೆ ಇಳಿಸಿ. ಅಡಿಕೆಯಲ್ಲಿರುವ ಅರೆಕೋಲಿನ್, ಹೊಗೆಸೊಪ್ಪಿನ ನಿಕೋಟಿನ್ ಕೂಡ ಮೈ ಬಿಸಿ ಮಾಡಿ ಬೆವರಿಸಿ ಎದೆಬಡಿತ ಏರಿಸುತ್ತವೆ. ಹೆದರಿಕೆ ಮರೆಯಲು ಕುಡಿಯುವವರಿಗೆ ಅಮಲಿಳಿದ ಮಾರನೇ ಬೆಳಿಗ್ಗೆ ಅದೇ ಹೆದರಿಕೆ ಹೆಚ್ಚಾಗಿ ಬರುತ್ತದೆ. ದಿನವೂ ಜಾಸ್ತಿ ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ ಎರಡು ದಿನದೊಳಗೆ ಫಿಟ್ಸ್ ಬರಬಹುದು, ವೈದ್ಯರ ಸಹಾಯದಲ್ಲೇ ಬಿಡಬೇಕು.

ಇಷ್ಟು ಪಟ್ಟಿ ನೋಡಿ ಹತ್ತಾರು ಪರೀಕ್ಷೆಗೆ ಓಡಬೇಕಿಲ್ಲ. ಹೆಚ್ಚಿನವರಿಗೆ ಇಸಿಜಿ, ಟಿಎಸ್‌ಎಚ್, ಹಿಮೋಗ್ಲೋಬಿನ್ ಸೇರಿದ ಸಿಬಿಸಿ ಎಂಬ ರಕ್ತಪರೀಕ್ಷೆ, ಸಕ್ಕರೆ, ಬಿಪಿ ಸಾಕು. ಉಳಿದದ್ದು ಲಕ್ಷಣ ಕೇಳಿದಾಗ ಮಾತ್ರ. ತಲೆನೋವು, ಬೆವರು, ಎದೆಬಡಿತ ಒಟ್ಟಾಗಿ ಬಂದು ಆಗ ಬಿಪಿ ವಿಪರೀತ ಏರುತ್ತಿದ್ದರೆ ಅಡ್ರಿನಲ್ ಗ್ರಂಥಿಯ ಅಪರೂಪದ ಗಡ್ಡೆಯನ್ನು ಹುಡುಕುತ್ತಾರೆ. ನಿದ್ದೆಯಿಂದ ಎಬ್ಬಿಸುವ ಅಟ್ಯಾಕಿನ ಜೊತೆ ಜೋರು ಗೊರಕೆ ಇದ್ದರೆ ಸ್ಲೀಪ್ ಅಪ್ನಿಯಾ, ಅಂದರೆ ನಿದ್ದೆಯಲ್ಲಿ ಉಸಿರು ನಿಂತು ನಿಂತು ಬರುವ ತೊಂದರೆ. ಹೊರಳಿದಾಗ ಕೋಣೆ ಗಿರ್ರೆಂದರೆ ಒಳಗಿವಿಯ ತೊಂದರೆ.

ಅಟ್ಯಾಕ್ ಬಂದಾಗ ಮಾಡಬೇಕಾದ್ದು ಸರಳ, ಆದರೆ ಮೊದಲೇ ಅಭ್ಯಾಸ ಬೇಕು. 'ದೊಡ್ಡದಾಗಿ ಉಸಿರೆಳೆದುಕೋ' ಎನ್ನುವುದು ತಪ್ಪು ಸಲಹೆ, ಮೇಲೆ ಹೇಳಿದ ಇಂಗಾಲದ ಡೈಆಕ್ಸೈಡ್ ಇನ್ನೂ ಇಳಿಯುತ್ತದೆ. ಮೂಗಿನಿಂದ 4 ಎಣಿಸುವಷ್ಟು ಹೊತ್ತು ಸಣ್ಣಗೆ ಎಳೆದು, 6 ಎಣಿಸುವಷ್ಟು ಹೊತ್ತು ಬಿಡಿ. ಹೀಗೆ ನಿಮಿಷಕ್ಕೆ ಸುಮಾರು 6 ಉಸಿರು, ಐದು ನಿಮಿಷ. ಆರಾಮಿದ್ದಾಗ ದಿನಕ್ಕೆರಡು ಸಲ ಮಾಡಿ ರೂಢಿಯಾಗಿದ್ದರೆ ಮಾತ್ರ ಕಷ್ಟಕಾಲಕ್ಕೆ ಒದಗುತ್ತದೆ. ಕಾಗದದ ಚೀಲದೊಳಗೆ ಉಸಿರಾಡುವ ಹಳೆಯ ಪದ್ಧತಿ ಬೇಡ, ಅದು ನಿಜಕ್ಕೂ ಆಸ್ತಮಾನೋ ಹೃದಯಾಘಾತವೋ ಆಗಿದ್ದರೆ ಆಮ್ಲಜನಕ ಕಡಿಮೆಯಾಗಿ ಅನಾಹುತವಾಗುತ್ತದೆ. ಪಕ್ಕದಲ್ಲಿರುವವರು ಗುಂಪು ಕಟ್ಟಿ ಎದೆ ಉಜ್ಜುವುದು, ಮುಖಕ್ಕೆ ನೀರೆರಚುವುದು ಬಿಟ್ಟು, ಒಬ್ಬರು ಎದುರು ಕೂತು 'ನಾನಿಲ್ಲೇ ಇದ್ದೀನಿ ಕಣೋ, ಇದು ಇಳಿಯುತ್ತೆ, ನನ್ನ ಜೊತೆ ನಿಧಾನಕ್ಕೆ ಉಸಿರು ಬಿಡು' ಎಂದು ಹೇಳುತ್ತ ನಾಡಿ ಎಣಿಸಿ ಬರೆದಿಡಲಿ.

ಚಿಕಿತ್ಸೆಯಲ್ಲಿ ಎರಡು ದಾರಿ, ಎರಡಕ್ಕೂ ಗಟ್ಟಿ ಆಧಾರವಿದೆ. ಸಿಬಿಟಿ ಎಂಬ ಮಾತಿನ ಚಿಕಿತ್ಸೆಯಲ್ಲಿ ಭಯ ತರುವ ಲಕ್ಷಣವನ್ನೇ ಬೇಕೆಂದು ಬರಿಸುತ್ತಾರೆ. ನಿಂತಲ್ಲೇ ಒಂದು ನಿಮಿಷ ಓಡುವುದು, ಕುರ್ಚಿಯಲ್ಲಿ ಗಿರಗಿರ ತಿರುಗುವುದು, ಸಣ್ಣ ಸ್ಟ್ರಾ ಮೂಲಕ ಉಸಿರಾಡುವುದು. ಎದೆಬಡಿತ ಏರುತ್ತದೆ, ಏನೂ ಆಗುವುದಿಲ್ಲ, ಇಳಿಯುತ್ತದೆ. ಇದನ್ನು ಮತ್ತೆ ಮತ್ತೆ ಕಂಡ ಮೇಲೆ ಮೆದುಳು ಬಡಿತಕ್ಕೆ ಹೆದರುವುದನ್ನು ಬಿಡುತ್ತದೆ. ಹೃದಯದ ಕಾಯಿಲೆ, ಆಸ್ತಮಾ, ಫಿಟ್ಸ್ ಇರುವವರು, ಗರ್ಭಿಣಿಯರು ವೈದ್ಯರನ್ನು ಕೇಳದೆ ಇವನ್ನು ಮಾಡಬಾರದು. ಬಿಟ್ಟ ಜಾಗಗಳಿಗೂ ಹೀಗೇ ಮೆಟ್ಟಿಲು ಮೆಟ್ಟಿಲಾಗಿ ಮರಳಬೇಕು. ತುಮಕೂರಿನವರಿಗೆ ಬೆಂಗಳೂರು ಬಸ್ಸು ಭಯವಾದರೆ ಮೊದಲು ಕ್ಯಾತ್ಸಂದ್ರದವರೆಗೆ ಜೊತೆಗೊಬ್ಬರಿದ್ದು, ಆಮೇಲೆ ಒಬ್ಬರೇ, ನಂತರ ದಾಬಸ್‌ಪೇಟೆ, ನೆಲಮಂಗಲ. ಪ್ರತಿ ಹಂತವನ್ನೂ ಭಯ ಅರ್ಧಕ್ಕಿಳಿಯುವವರೆಗೆ ಮತ್ತೆ ಮತ್ತೆ ಮಾಡಬೇಕು. ಭಯ ತುದಿಗೇರಿದಾಗ ಮಧ್ಯದಲ್ಲೇ ಇಳಿದು ಓಡಿದರೆ, ಓಡಿದ್ದರಿಂದಲೇ ಬದುಕಿದೆ ಎಂದು ಮೆದುಳು ಕಲಿಯುತ್ತದೆ, ಮುಂದಿನ ಸಲ ಇನ್ನೂ ಕಷ್ಟ.

ಮಾತ್ರೆಗಳಲ್ಲಿ ಎಸ್ಎಸ್ಆರ್‌ಐ ಎಂಬ, ಖಿನ್ನತೆಗೂ ಕೊಡುವ ಗುಂಪು ಮೊದಲ ಆಯ್ಕೆ. ಪ್ಯಾನಿಕ್ ಇರುವವರಿಗೆ ಕಡಿಮೆ ಡೋಸಿನಿಂದ ಶುರು ಮಾಡುತ್ತಾರೆ, ಎಸ್ಸಿಟಾಲೊಪ್ರಾಮ್ 5 ಮಿಲಿಗ್ರಾಂ ಅಥವಾ ಸರ್ಟ್ರಲಿನ್ 25 ಮಿಲಿಗ್ರಾಂ, ಆಮೇಲೆ ಏರಿಸುತ್ತಾರೆ. ಮೊದಲ ಒಂದೆರಡು ವಾರ ಚಡಪಡಿಕೆ, ಹೊಟ್ಟೆ ತೊಳೆಸು ಹೆಚ್ಚಾಗಬಹುದು. ಬಹಳ ಜನ ಮಾತ್ರೆ ಬಿಡುವುದು ಇಲ್ಲೇ. ಗುಣ ಕಾಣಲು 4ರಿಂದ 6 ವಾರ ಬೇಕು, ಗುಣವಾದ ಮೇಲೂ ಕನಿಷ್ಠ 6 ತಿಂಗಳು ಮುಂದುವರಿಸಿ ನಿಧಾನವಾಗಿ ಇಳಿಸಬೇಕು. ಆಲ್ಪ್ರಜೋಲಮ್, ಕ್ಲೊನಜೆಪಮ್‌ನಂಥ ಆತಂಕ ತಗ್ಗಿಸುವ ಮಾತ್ರೆಗಳು ಅರ್ಧ ಗಂಟೆ, ಗಂಟೆಯಲ್ಲಿ ಶಮನ ಕೊಡುತ್ತವೆ, ಅದೇ ಅವುಗಳ ಅಪಾಯ. ಕೆಲವೇ ವಾರದಲ್ಲಿ ಒಗ್ಗಿಹೋಗಿ ಡೋಸ್ ಹೆಚ್ಚು ಬೇಡುತ್ತವೆ, ದಿನವೂ ನುಂಗುತ್ತಿದ್ದು ಒಮ್ಮೆಲೇ ಬಿಟ್ಟರೆ ಫಿಟ್ಸ್ ಬರಬಹುದು. ಹಳೆಯ ಚೀಟಿ ತೋರಿಸಿ ಮೆಡಿಕಲ್ ಸ್ಟೋರಿನಲ್ಲಿ ಮತ್ತೆ ಮತ್ತೆ ತರುತ್ತಿದ್ದರೆ ಇವತ್ತೇ ಬಿಸಾಡಬೇಡಿ, ವೈದ್ಯರ ಬಳಿ ಹೋಗಿ ವಾರಗಟ್ಟಲೆ ಸ್ವಲ್ಪ ಸ್ವಲ್ಪ ಇಳಿಸುವ ವೇಳಾಪಟ್ಟಿ ಬರೆಸಿಕೊಳ್ಳಿ.

ಮೂರೂ ಜಿಲ್ಲಾಸ್ಪತ್ರೆಗಳಲ್ಲಿ, ಅಂದರೆ ತುಮಕೂರು, ಚಿಕ್ಕಬಳ್ಳಾಪುರ ಮತ್ತು ಕೋಲಾರದ ಎಸ್‌ಎನ್‌ಆರ್‌ನಲ್ಲಿ ಮನೋವೈದ್ಯ ವಿಭಾಗ ಕೇಳಿ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದಡಿ ಮಾತ್ರೆಗಳು ಉಚಿತ. ತಾಲ್ಲೂಕು ಆಸ್ಪತ್ರೆಗಳಿಗೆ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರ ತಜ್ಞರು ಬರುವ ಏರ್ಪಾಡಿದೆ, ಹೊರಡುವ ಮುಂಚೆ ಫೋನ್ ಮಾಡಿ ವಿಚಾರಿಸಿ. 2022ರ ಅಕ್ಟೋಬರ್ 10ರಂದು ಶುರುವಾದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕನ್ನಡದಲ್ಲೇ ಮಾತಾಡಬಹುದು. ಪ್ಯಾನಿಕ್ ಜೊತೆ ಖಿನ್ನತೆ ಸೇರಿ ಬದುಕು ಬೇಡ ಅನ್ನಿಸುತ್ತಿದ್ದರೆ ಆ ಕರೆಯನ್ನು ಈಗಲೇ ಮಾಡಿ, ಮನೆಯಲ್ಲಿ ಒಬ್ಬರಿಗಾದರೂ ಹೇಳಿ.

ವೈದ್ಯರ ಮುಂದೆ ಕೂರುವಾಗ ಒಂದು ಚೀಟಿ ಕೈಯಲ್ಲಿರಲಿ: ಕೊನೆಯ ಕೆಲವು ಅಟ್ಯಾಕ್ ಬಂದ ಹೊತ್ತು, ಎಷ್ಟು ನಿಮಿಷ ಇತ್ತು, ಹೇಗೆ ಶುರುವಾಗಿ ಹೇಗೆ ನಿಂತಿತು, ಆಗಿನ ನಾಡಿ, ಸಕ್ಕರೆ, ಬಿಪಿ, ಅದಕ್ಕೂ ಮುಂಚಿನ ನಾಲ್ಕು ಗಂಟೆಯಲ್ಲಿ ತಿಂದದ್ದು, ಕುಡಿದದ್ದು, ಹೊಡೆದ ಔಷಧಿ, ಹಿಂದಿನ ರಾತ್ರಿಯ ನಿದ್ದೆ, ಹೆಂಗಸರಾದರೆ ಮುಟ್ಟಿನ ತಾರೀಖು, ಮತ್ತು ಸದ್ಯ ನುಂಗುತ್ತಿರುವ ಪ್ರತಿ ಮಾತ್ರೆಯ ಹೆಸರು. ಆಯುರ್ವೇದದ್ದಾಗಲಿ ನಾಟಿ ಔಷಧಿಯಾಗಲಿ ಮುಚ್ಚಿಡಬೇಡಿ, ಅದನ್ನೂ ಬರೆಯಿರಿ.